ಈಸೋಪನ ಪರಿಚಯ: ಒಂದು ವಾಕ್ಯದಲ್ಲಿ ಎಷ್ಟು ಉಳಿಯುತ್ತದೆ?

ಅನುವಾದಕಿ

ಎಲ್ಲರಿಗೂ ನಮಸ್ಕಾರ. ಈಸೋಪನ ಹೆಸರಿನಲ್ಲಿರುವ ಕಥೆಗಳಲ್ಲಿ ಕೆಲವನ್ನು ಆಯ್ದು, ಮಕ್ಕಳಿಗಲ್ಲದೆ ದೊಡ್ಡವರ ಓದಿಗೆಂದೇ ಕನ್ನಡಕ್ಕೆ ತರುತ್ತಿದ್ದೇನೆ. ಕಥೆಗಳ ಕೆಲಸ ಮುಗಿಯಿತು. ಬೆನ್ನುಪುಟಕ್ಕೆ ನಾಲ್ಕು ಸಾಲಿನ ಲೇಖಕ ಪರಿಚಯ ಬರೆಯಲು ಕೂತಾಗ ಮಾತ್ರ ಕೈ ಕಟ್ಟಿಹೋಯಿತು. ನಾನು ಬರೆದಿಟ್ಟುಕೊಂಡ ಮೊದಲ ವಾಕ್ಯ ಹೀಗಿದೆ:

"ಕ್ರಿ.ಪೂ. 620ರಲ್ಲಿ ಫ್ರಿಜಿಯಾದಲ್ಲಿ ಹುಟ್ಟಿದ, ಗೂನುಬೆನ್ನಿನ ಕುರೂಪಿ ಗುಲಾಮನಾಗಿದ್ದ ಈಸೋಪನು ತನ್ನ ಜಾಣ್ಮೆಯಿಂದ ಬಿಡುಗಡೆ ಪಡೆದು, ಕ್ರಿ.ಪೂ. 564ರಲ್ಲಿ ಡೆಲ್ಫಿಯಲ್ಲಿ ಸುಳ್ಳು ಆರೋಪಕ್ಕೆ ಬಲಿಯಾದನು."

ನಾವೆಲ್ಲ ಶಾಲೆಯಲ್ಲಿ ಕೇಳಿದ್ದು ಹೆಚ್ಚುಕಡಿಮೆ ಇದೇ. ಆದರೆ ಇದರಲ್ಲಿ ಯಾವ ಪದಕ್ಕೆ ಎಷ್ಟು ಹಳೆಯ ಆಧಾರವಿದೆ ಎಂದು ಹುಡುಕಲು ಹೊರಟಾಗ ಒಂದೊಂದೇ ಇಟ್ಟಿಗೆ ಕಳಚತೊಡಗಿತು. ಬಲ್ಲವರು ಈ ವಾಕ್ಯವನ್ನು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸಿಕೊಡಬೇಕೆಂದು ಕೋರಿಕೆ.

ಇತಿಹಾಸದ ಮೇಷ್ಟ್ರು

ವಾಕ್ಯದ ಆರಂಭದಿಂದ ಹೊರಡದೆ, ಆಧಾರದ ಆರಂಭದಿಂದ ಹೊರಡೋಣ. ಈಸೋಪನ ಬಗ್ಗೆ ನಮಗೆ ಉಳಿದಿರುವ ಅತ್ಯಂತ ಹಳೆಯ ಬರಹ ಗ್ರೀಕ್ ಇತಿಹಾಸಕಾರ ಹೆರೊಡೋಟಸನದು. ಅವನ ಇತಿಹಾಸದ ಎರಡನೆಯ ಸಂಪುಟದಲ್ಲಿ, ಈಜಿಪ್ಟಿನ ವರ್ಣನೆಯ ನಡುವೆ, ಅದು ಬರುತ್ತದೆ. ಅಲ್ಲಿ ಹೆರೊಡೋಟಸನಿಗೆ ಈಸೋಪನ ಬಗ್ಗೆ ಹೇಳುವ ಉದ್ದೇಶವೇ ಇರಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಮೂರನೆಯ ಪಿರಮಿಡ್ಡನ್ನು ರೊಡೋಪಿಸ್ ಎಂಬ ಗಣಿಕೆ ಕಟ್ಟಿಸಿದಳೆಂದು ಕೆಲವು ಗ್ರೀಕರು ಹೇಳುತ್ತಿದ್ದರು, ಅದು ಸುಳ್ಳು, ಅವಳು ಇದ್ದದ್ದು ಅಮಾಸಿಸ್ ದೊರೆಯ ಕಾಲದಲ್ಲಿ (ಅಂದರೆ ಕ್ರಿ.ಪೂ. 570ರಿಂದ 526ರ ನಡುವೆ), ಪಿರಮಿಡ್ ಕಟ್ಟಿಸಿದ ದೊರೆಗಳಿಗಿಂತ ಬಹಳ ತಲೆಮಾರು ಈಚೆಗೆ ಎಂದು ಅವನು ವಾದಿಸುತ್ತಾನೆ. ಅವಳು ಥ್ರೇಸ್ ಪ್ರಾಂತ್ಯದವಳು, ಸಾಮೋಸ್ ದ್ವೀಪದ ಇಯಾಡ್ಮೊನ್ ಎಂಬವನ ಗುಲಾಮಳು, ಕಥೆಗಾರ ಈಸೋಪನ ಜೊತೆಯ ಆಳು ಎಂದು ಹೇಳುವಾಗ ನಮ್ಮವನು ಮೊದಲ ಬಾರಿಗೆ ಚರಿತ್ರೆಯ ಹೊಸ್ತಿಲು ದಾಟುತ್ತಾನೆ.

ಮುಂದೆ ಅವನು ಕೊಡುವ ಪುರಾವೆ ಇನ್ನೂ ವಿಚಿತ್ರವಾದದ್ದು. ಈಸೋಪನ ಜೀವಕ್ಕೆ ಪರಿಹಾರ ಪಡೆಯಲು ಯಾರಿಗೆ ಇಷ್ಟವೋ ಅವರು ಬರಬಹುದೆಂದು ಗ್ರೀಕರ ಪುಣ್ಯಕ್ಷೇತ್ರವಾದ ಡೆಲ್ಫಿಯವರು ಅಲ್ಲಿನ ದೈವವಾಣಿಯ ಆಜ್ಞೆಯಂತೆ ಮತ್ತೆಮತ್ತೆ ಸಾರಿದರೂ ಬೇರೆ ಯಾರೂ ಬರಲಿಲ್ಲ; ಕೊನೆಗೆ ಇಯಾಡ್ಮೊನನ ಮೊಮ್ಮಗ, ಅವನ ಹೆಸರೂ ಇಯಾಡ್ಮೊನ್, ಬಂದು ಪರಿಹಾರ ಪಡೆದನು. ಆದ್ದರಿಂದ ಈಸೋಪನೂ ಇಯಾಡ್ಮೊನನವನೇ ಎಂದು ಹೆರೊಡೋಟಸ್ ತೀರ್ಮಾನಿಸುತ್ತಾನೆ.

ಈ ಭಾಗವನ್ನು ತರಗತಿಯಲ್ಲಿ ಓದಿಸಿದಾಗಲೆಲ್ಲ ನಾನು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ಸತ್ತವನಿಗೆ ತಂದೆಯಿಲ್ಲ, ತಾಯಿಯಿಲ್ಲ, ಮಕ್ಕಳಿಲ್ಲ, ಊರಿಲ್ಲ. ಅವನು ಇದ್ದನೆಂಬುದಕ್ಕೆ ಸಾಕ್ಷಿಯಾಗಿ ನಿಂತವನು ಅವನನ್ನು ಕೊಂಡವನ ಮೊಮ್ಮಗ, ಅದೂ ಹಣ ಎಣಿಸಿಕೊಳ್ಳಲು ಬಂದಾಗ.

ಸಂಶಯವಾದಿ

ಮೇಷ್ಟ್ರು ಹೇಳಿದ್ದನ್ನು ಗೌರವದಿಂದ ಒಪ್ಪುತ್ತಲೇ ಒಂದು ಪ್ರಶ್ನೆ. ಹೆರೊಡೋಟಸ್ ಬರೆದದ್ದು ಈಸೋಪನ ಕಾಲವೆಂದು ಹೇಳಲಾಗುವ ಕಾಲದಿಂದ ನೂರಕ್ಕೂ ಹೆಚ್ಚು ವರ್ಷಗಳ ನಂತರ. ಇನ್ನು ಕಥೆಗಳ ವಿಷಯಕ್ಕೆ ಬಂದರೆ, ಗಿಡುಗ ಮತ್ತು ನೈಟಿಂಗೇಲ್ ಹಕ್ಕಿಯ ಕಥೆ ಗ್ರೀಕ್ ಕವಿ ಹೆಸಿಯೋಡನಲ್ಲಿದೆ, ನರಿ ಮತ್ತು ಹದ್ದಿನ ಕಥೆ ಆರ್ಕಿಲೋಕಸ್ ಕವಿಯಲ್ಲಿದೆ. ಇವರಿಬ್ಬರೂ ಈಸೋಪನಿಗಿಂತ ಹಿಂದಿನವರು. ಪೆರ್ರಿ ಎಂಬ ಅಮೆರಿಕದ ವಿದ್ವಾಂಸ ಸಿದ್ಧಪಡಿಸಿದ ಪಟ್ಟಿಯಲ್ಲಿ ಈಸೋಪನ ಪರಂಪರೆಯ ಕಥೆಗಳ ಸಂಖ್ಯೆ 725ರವರೆಗೆ ಹೋಗುತ್ತದೆ. ಇಷ್ಟನ್ನೂ ಒಬ್ಬನೇ ಹೇಳಿದನೆಂದರೆ, ಕನ್ನಡದಲ್ಲಿ ಅಂಕಿತವಿರುವ ತ್ರಿಪದಿಗಳನ್ನೆಲ್ಲ ಸರ್ವಜ್ಞನ ಖಾತೆಗೇ ಬರೆದಂತಾಗುತ್ತದೆ. ಹೆಸರೊಂದಿದ್ದರೆ ಸಾಕು, ಕಥೆಗಳು ತಾವಾಗಿಯೇ ಬಂದು ಅಂಟಿಕೊಳ್ಳುತ್ತವೆ. ಈಸೋಪ ಎಂಬುದು ಒಂದು ಹೆಸರಷ್ಟೇ, ಮನುಷ್ಯನಲ್ಲ ಎಂದು ಬರೆದರೆ ತಪ್ಪೇನು?

ಇತಿಹಾಸದ ಮೇಷ್ಟ್ರು

ಕಥೆಗಳೆಲ್ಲ ಅವನವಲ್ಲ ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಅವನು ಒಂದಕ್ಷರವನ್ನಾದರೂ ಬರೆದಿಟ್ಟನೆಂದು ಹೇಳುವ ಆಧಾರವೂ ಇಲ್ಲ. ನಮಗೆ ತಿಳಿದಂತೆ ಈಸೋಪನ ಕಥೆಗಳ ಮೊದಲ ಸಂಗ್ರಹ ಮಾಡಿದವನು ಫಲೇರಮ್ಮಿನ ಡಿಮಿಟ್ರಿಯಸ್, ಅವನಿದ್ದದ್ದು ಕ್ರಿ.ಪೂ. 300ರ ಆಸುಪಾಸಿನಲ್ಲಿ, ಮತ್ತು ಆ ಸಂಗ್ರಹವೂ ಉಳಿದಿಲ್ಲ. ಪ್ಲೇಟೋ ಹೇಳುವಂತೆ, ಕ್ರಿ.ಪೂ. 399ರಲ್ಲಿ ಸೆರೆಮನೆಯಲ್ಲಿ ಸಾವಿಗಾಗಿ ಕಾಯುತ್ತಿದ್ದ ಸಾಕ್ರಟೀಸ್ ಈಸೋಪನ ಕಥೆಗಳನ್ನು ಪದ್ಯಕ್ಕಿಳಿಸುತ್ತಿದ್ದನು. ಕೈಗೆ ಸಿಕ್ಕ, ತನಗೆ ಬರುತ್ತಿದ್ದ ಕಥೆಗಳನ್ನು ತೆಗೆದುಕೊಂಡೆ ಎಂಬುದು ಅವನ ಮಾತಿನ ಭಾವ. ಅಂದರೆ ಆ ಹೊತ್ತಿಗೆ ಅವು ಬಾಯಿಪಾಠವಾಗಿದ್ದವು.

ಆದರೆ ಕಥೆ ಯಾರದೆಂಬುದು ಬೇರೆ, ಆ ಹೆಸರಿನ ವ್ಯಕ್ತಿ ಇದ್ದನೇ ಎಂಬುದು ಬೇರೆ. ನೀವೇ ತೆಗೆದ ಸರ್ವಜ್ಞನ ಹೋಲಿಕೆ ನಿಮಗೇ ತಿರುಗುಬಾಣವಾಗುತ್ತದೆ. ಪ್ರಕ್ಷಿಪ್ತ ತ್ರಿಪದಿಗಳಿವೆ ಎಂದ ಮಾತ್ರಕ್ಕೆ ಸರ್ವಜ್ಞನೇ ಇರಲಿಲ್ಲ ಎಂದು ಯಾರೂ ಹೇಳುವುದಿಲ್ಲವಲ್ಲ. ಹೆರೊಡೋಟಸನ ಮಾತಿನಲ್ಲಿ ನನಗೆ ನಂಬಿಕೆ ಹುಟ್ಟಿಸುವುದು ಅದರ ಸಪ್ಪೆತನ. ಪ್ರಾಣಿಗಳಿಲ್ಲ, ಚಮತ್ಕಾರದ ಉತ್ತರವಿಲ್ಲ, ರೂಪದ ವರ್ಣನೆಯಿಲ್ಲ. ಒಡೆಯನ ಹೆಸರು, ಅವನ ತಂದೆಯ ಹೆಸರು (ಹೆಫೇಸ್ಟೊಪೊಲಿಸ್), ಊರು, ಪರಿಹಾರ ಪಡೆದವನ ಹೆಸರು, ಇಷ್ಟೇ. ಸುಳ್ಳು ಕಟ್ಟುವವರು ಇಷ್ಟು ನೀರಸವಾಗಿ ಕಟ್ಟುವುದಿಲ್ಲ.

ನಿವೃತ್ತ ವಕೀಲ

ನನ್ನ ವೃತ್ತಿಯ ಚಾಳಿಯಿಂದ ಒಂದು ಅಂಶ ಎತ್ತುತ್ತೇನೆ. ವಾಕ್ಯದಲ್ಲಿ "ಬಿಡುಗಡೆ ಪಡೆದು" ಎಂದಿದೆ. ಹೆರೊಡೋಟಸನಲ್ಲಿ ಆ ಮಾತಿಲ್ಲ. ರೊಡೋಪಿಸಳನ್ನು ಸಾಫೋ ಕವಯಿತ್ರಿಯ ಅಣ್ಣ ಅಥವಾ ತಮ್ಮನಾದ ಕರಾಕ್ಸಸ್ ದೊಡ್ಡ ಮೊತ್ತ ಕೊಟ್ಟು ಬಿಡಿಸಿದನೆಂದು ಅವನು ಸ್ಪಷ್ಟವಾಗಿ ಬರೆಯುತ್ತಾನೆ, ಈಸೋಪನ ವಿಷಯದಲ್ಲಿ ಮೌನವಾಗಿದ್ದಾನೆ. ಅಥೆನ್ಸಿನ ಕಾನೂನಿನಲ್ಲಿ ಸ್ವತಂತ್ರನೊಬ್ಬ ಕೊಲೆಯಾದರೆ ದಾವೆ ಹೂಡುವುದು ರಕ್ತಸಂಬಂಧಿಗಳ ಪಾಲಿಗೆ ಬರುತ್ತಿತ್ತು, ಗುಲಾಮ ಕೊಲೆಯಾದರೆ ಒಡೆಯನ ಪಾಲಿಗೆ. ಡೆಲ್ಫಿಯ ಪರಿಹಾರ ಒಡೆಯನ ಮನೆತನಕ್ಕೆ ಸಂದಿತು ಎಂದರೆ, ಸಾಯುವಾಗಲೂ ಅವನು ಗುಲಾಮನೇ ಆಗಿದ್ದನು ಎಂದು ವಾದಿಸಲು ಅವಕಾಶವಿದೆ.

ಎದುರು ಪಕ್ಷದ ಸಾಕ್ಷಿ ಅರಿಸ್ಟಾಟಲ್. ಭಾಷಣಕಲೆಯ ಕುರಿತ ತನ್ನ ಗ್ರಂಥದಲ್ಲಿ ಅವನು ಹೇಳುವುದು: ಸಾಮೋಸಿನಲ್ಲಿ ಮರಣದಂಡನೆಯ ಆರೋಪ ಹೊತ್ತಿದ್ದ ಒಬ್ಬ ಜನನಾಯಕನ ಪರವಾಗಿ ಈಸೋಪ ಸಾರ್ವಜನಿಕವಾಗಿ ಮಾತಾಡಿದನು. ಅಲ್ಲಿ ಹೇಳಿದ ಕಥೆ ಹೀಗಿದೆ. ಹೊಳೆ ದಾಟುವಾಗ ನರಿಯೊಂದು ಕೊರಕಲಿಗೆ ಬಿದ್ದು ಮೇಲೇಳಲಾರದೆ ಒದ್ದಾಡುತ್ತಿತ್ತು, ಮೈತುಂಬ ಉಣ್ಣೆಗಳು ಕಚ್ಚಿಕೊಂಡಿದ್ದವು. ದಾರಿಹೋಕ ಮುಳ್ಳುಹಂದಿ ಮರುಗಿ, ಕಿತ್ತುಹಾಕಲೇ ಎಂದು ಕೇಳಿತು. ಬೇಡ, ಇವುಗಳ ಹೊಟ್ಟೆ ಈಗ ತುಂಬಿದೆ, ಹೀರುವುದು ಸ್ವಲ್ಪವೇ. ಇವನ್ನು ತೆಗೆದರೆ ಹಸಿದ ಬೇರೆ ಉಣ್ಣೆಗಳು ಬಂದು ಉಳಿದ ರಕ್ತವನ್ನೂ ಕುಡಿಯುತ್ತವೆ ಎಂದಿತು ನರಿ. ಸಾಮೋಸಿನ ಜನರೇ, ಈತ ಈಗಾಗಲೇ ಹಣವಂತ, ನಿಮಗಿನ್ನು ತೊಂದರೆ ಕೊಡಲಾರ. ಇವನನ್ನು ಕೊಂದರೆ ಬರಿಗೈಯವರು ಬಂದು ಬೊಕ್ಕಸ ಬರಿದುಮಾಡುತ್ತಾರೆ ಎಂದು ಈಸೋಪ ಮುಗಿಸಿದನಂತೆ.

ಕಕ್ಷಿದಾರನನ್ನು ಕಳ್ಳನೆಂದು ಒಪ್ಪಿಕೊಂಡೇ ಉಳಿಸುವ ಈ ವಾದಸರಣಿಗೆ ನಾನು ತಲೆಬಾಗುತ್ತೇನೆ. ಅದಿರಲಿ, ಗುಲಾಮನಾದವನು ಊರಿನ ವಿಚಾರಣೆಯಲ್ಲಿ ಎದ್ದುನಿಂತು ಹೀಗೆ ಮಾತಾಡುವಂತಿರಲಿಲ್ಲ. ಆದ್ದರಿಂದ ಅರಿಸ್ಟಾಟಲನನ್ನು ನಂಬಿದರೆ ಅವನು ಬಿಡುಗಡೆಯಾಗಿದ್ದನೆನ್ನಬೇಕು. ಬಿಡುಗಡೆಯಾದ ಮೇಲೂ ಹಳೆಯ ಒಡೆಯನ ಮನೆಯ ನಂಟು ಉಳಿಯುತ್ತಿತ್ತು, ಬೇರೆ ನೆಂಟರಿಲ್ಲದ್ದರಿಂದ ಅವರೇ ಬಂದರು ಎಂದು ಎರಡನ್ನೂ ಹೊಂದಿಸಬಹುದು. ಆದರೆ ಹಾಗೆ ಹೊಂದಿಸುವವರು ನಾವು, ಸಾಕ್ಷಿಗಳಲ್ಲ.

ಹಳ್ಳಿ ಗ್ರಂಥಾಲಯ

ಬಿಡುಗಡೆಯ ಕಥೆಯೊಂದನ್ನು ನಾನು ಓದಿದ್ದೇನೆ. ಸಾಮೋಸಿನ ಸಭೆಯಲ್ಲಿ ಹದ್ದೊಂದು ಊರಿನ ಮುದ್ರೆಯುಂಗುರವನ್ನು ಕಚ್ಚಿಕೊಂಡು ಹೋಗಿ ಗುಲಾಮನೊಬ್ಬನ ಮಡಿಲಿಗೆ ಬೀಳಿಸುತ್ತದೆ. ಶಕುನದ ಅರ್ಥ ಹೇಳಲಾಗದೆ ಒಡೆಯ ಒದ್ದಾಡುವಾಗ ಈಸೋಪ ಮುಂದೆ ಬಂದು, ಸ್ವತಂತ್ರರಿಗೆ ಗುಲಾಮನು ಅರ್ಥ ಹೇಳುವುದು ತರವಲ್ಲ, ಮೊದಲು ನನ್ನನ್ನು ಬಿಡುಗಡೆ ಮಾಡಿ ಎನ್ನುತ್ತಾನೆ. ಇದಕ್ಕೆ ಆಧಾರವಿಲ್ಲವೇ?

ಇತಿಹಾಸದ ಮೇಷ್ಟ್ರು

ಅದು 'ಈಸೋಪನ ಜೀವನ' ಎಂದು ಕರೆಯಲಾಗುವ, ಕರ್ತೃ ಯಾರೆಂದು ತಿಳಿಯದ ಗ್ರೀಕ್ ಕಥನದಿಂದ ಬಂದದ್ದು. ಅದರ ಈಗಿನ ರೂಪ ಕ್ರಿಸ್ತಶಕದ 1ನೆಯ ಅಥವಾ 2ನೆಯ ಶತಮಾನದ್ದು, ಅಂದರೆ ಈಸೋಪ ಸತ್ತು ಆರೇಳು ನೂರು ವರ್ಷಗಳ ನಂತರದ್ದು. ಅದರ ಅತ್ಯಂತ ಪೂರ್ಣ ಪಾಠ ಇರುವ ಹಸ್ತಪ್ರತಿ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ; ಅದನ್ನು ಮೇಲೆ ಹೇಳಿದ ಪೆರ್ರಿಯವರು 1952ರಲ್ಲಿ ಪ್ರಕಟಿಸಿದರು. ನಮ್ಮ ಶಾಲಾ ಪಾಠಗಳ ಈಸೋಪ ಬಹುಮಟ್ಟಿಗೆ ಈ ಪುಸ್ತಕದಿಂದ ಎದ್ದುಬಂದವನು. ಡೊಳ್ಳುಹೊಟ್ಟೆ, ಸೊಟ್ಟಗಾಲು, ದೊಡ್ಡ ತಲೆ, ಮೊದಲಿಗೆ ಮೂಗತನ, ದೇವತೆ ಐಸಿಸ್ ವರವಾಗಿ ಕೊಟ್ಟ ಮಾತು, ಇವೆಲ್ಲ ಅದರವೇ. ಒಡೆಯನ ಹೆಸರೂ ಅದರಲ್ಲಿ ಇಯಾಡ್ಮೊನ್ ಅಲ್ಲ. ಕ್ಸಾಂಥಸ್ ಎಂಬ ದಾರ್ಶನಿಕ ಅಲ್ಲಿಗೆ ಬಂದು ಕೂತಿದ್ದಾನೆ. ರೊಡೋಪಿಸಳನ್ನು ಈಜಿಪ್ಟಿಗೆ ಕರೆದೊಯ್ದ ಸಾಮೋಸಿನವನ ಹೆಸರು ಕ್ಸಾಂಥೀಸ್ ಎಂದು ಹೆರೊಡೋಟಸ್ ಬರೆದಿರುವುದನ್ನು ನೋಡಿದರೆ, ಹೆಸರು ಎಲ್ಲಿಂದ ಜಾರಿಕೊಂಡು ಬಂತೆಂದು ಊಹಿಸಲು ಮನಸ್ಸಾಗುತ್ತದೆ. ಊಹೆ ಎಂದೇ ಹೇಳುತ್ತಿದ್ದೇನೆ.

ಅದೇ ಗ್ರಂಥದ ಕೊನೆಯಲ್ಲಿ ಈಸೋಪ ಬ್ಯಾಬಿಲೋನಿನ ರಾಜನ ಮಂತ್ರಿಯಾಗಿ ಈಜಿಪ್ಟಿನ ದೊರೆಯ ಒಗಟುಗಳನ್ನು ಬಿಡಿಸುತ್ತಾನೆ. ಆ ಭಾಗ ಇಡಿಯಾಗಿ ಅಹಿಕಾರ್ ಎಂಬ ಅಸ್ಸೀರಿಯಾದ ಮಂತ್ರಿಯ ಕಥೆಯಿಂದ ಎತ್ತಿದ್ದು. ಅಹಿಕಾರನ ಕಥೆಯ ಅರಾಮಿಕ್ ಪ್ರತಿ ಕ್ರಿ.ಪೂ. 5ನೆಯ ಶತಮಾನದ್ದು, ಈಜಿಪ್ಟಿನ ಎಲಿಫಂಟೈನ್ ದ್ವೀಪದಲ್ಲಿ ಸಿಕ್ಕಿದೆ.

ಅನುವಾದಕಿ

ಹಾಗಾದರೆ "ಗೂನುಬೆನ್ನಿನ ಕುರೂಪಿ" ಹೋಯಿತು. ಸತ್ಯ ಹೇಳಬೇಕೆಂದರೆ ತುಸು ನೋವಾಯಿತು, ಏಕೆಂದರೆ ಆ ಪುಸ್ತಕದ ಗುಲಾಮ ಬಹಳ ಜೀವಂತವಾಗಿದ್ದಾನೆ. ಒಡೆಯನಿಗೆಂದು ತೆಗೆದಿಟ್ಟ ಅಂಜೂರವನ್ನು ಜೊತೆಯ ಆಳುಗಳು ತಿಂದು, ಬಾಯಿ ಬಾರದ ಈಸೋಪನ ತಲೆಗೆ ಕಟ್ಟುತ್ತಾರೆ. ಅವನು ಬೆಚ್ಚಗಿನ ನೀರು ತಂದು ಕುಡಿದು, ಗಂಟಲಿಗೆ ಬೆರಳಿಟ್ಟು ಎಲ್ಲರೆದುರು ಕಕ್ಕುತ್ತಾನೆ; ಬರೀ ನೀರು. ಅವರಿಗೂ ಹಾಗೆಯೇ ಮಾಡಿಸಿ ಎಂದು ಕೈಸನ್ನೆಯಲ್ಲಿ ಬೇಡುತ್ತಾನೆ. ಮಾತಿಲ್ಲದವನು ತನ್ನ ಹೊಟ್ಟೆಯನ್ನೇ ಸಾಕ್ಷಿಗೆ ಕರೆಯುವ ಈ ಪ್ರಸಂಗವನ್ನು ಬರೆದವರಿಗೆ ಗುಲಾಮರ ಬದುಕು ಹತ್ತಿರದಿಂದ ಗೊತ್ತಿತ್ತು ಎಂದು ನನಗನ್ನಿಸುತ್ತದೆ.

ಸಂತೆಯ ಪ್ರಸಂಗವೂ ಹಾಗೆಯೇ. ಮಾರಾಟಕ್ಕೆ ನಿಂತ ಇತರ ಇಬ್ಬರು ತಮಗೆ ಎಲ್ಲವೂ ಬರುತ್ತದೆ ಎಂದಾಗ, ಈಸೋಪ ತನಗೆ ಏನೂ ಬಾರದು ಎನ್ನುತ್ತಾನೆ. ಎಲ್ಲವನ್ನೂ ಇವರಿಬ್ಬರೇ ತೆಗೆದುಕೊಂಡ ಮೇಲೆ ನನಗೆ ಉಳಿದದ್ದೇನು ಎಂಬುದು ಅವನ ಸಮಜಾಯಿಷಿ.

ನಿವೃತ್ತ ವಕೀಲ

ಈಸೋಪನ ಚರಿತ್ರೆಯೆಂದು ಅದನ್ನು ಒಪ್ಪಲಾಗದು, ಗುಲಾಮಗಿರಿಯ ಚರಿತ್ರೆಯೆಂದು ಓದಲು ಅಡ್ಡಿಯಿಲ್ಲ. ಬೆನ್ನುಪುಟದಲ್ಲಿ "ಹೀಗೆಂದು ಕಥೆ" ಎಂದು ಒಂದು ಸಾಲು ಸೇರಿಸಬಹುದು.

ಸಂಶಯವಾದಿ

ಇನ್ನು ಇಸವಿಗಳು. 620 ಎಂಬ ಹುಟ್ಟಿದ ವರ್ಷ ನಂತರದವರ ಲೆಕ್ಕಾಚಾರ. 564 ಎಂಬ ಸಾವಿನ ವರ್ಷ ಕ್ರಿ.ಶ. 4ನೆಯ ಶತಮಾನದ ಯುಸೀಬಿಯಸನ ಕಾಲಾನುಕ್ರಮಣಿಕೆಯಿಂದ ಬಂದದ್ದು. ಅದನ್ನು ಒಪ್ಪಿದರೆ ಉಳಿದ ಕಥೆಗಳೇ ಕುಸಿಯುತ್ತವೆ. ಲಿಡಿಯಾದ ದೊರೆ ಕ್ರೀಸಸ್ ಈಸೋಪನನ್ನು ಡೆಲ್ಫಿಗೆ ಕಳುಹಿಸಿದನು ಎನ್ನುತ್ತಾರೆ, ಆದರೆ ಕ್ರೀಸಸ್ ಪಟ್ಟಕ್ಕೆ ಬಂದದ್ದು ಸುಮಾರು 560ರಲ್ಲಿ. ಪಿಸಿಸ್ಟ್ರಾಟಸ್ ಅಥೆನ್ಸನ್ನು ವಶಪಡಿಸಿಕೊಂಡಾಗ ಅಲ್ಲಿನ ಜನರಿಗೆ ಈಸೋಪ ದೊರೆಯನ್ನು ಬೇಡಿದ ಕಪ್ಪೆಗಳ ಕಥೆ ಹೇಳಿದನೆಂದು ಲ್ಯಾಟಿನ್ ಕವಿ ಫೀಡ್ರಸ್ ಬರೆಯುತ್ತಾನೆ, ಆದರೆ ಪಿಸಿಸ್ಟ್ರಾಟಸ್ ಮೊದಲು ಅಧಿಕಾರ ಹಿಡಿದದ್ದು ಸುಮಾರು 561ರಲ್ಲಿ. ಸತ್ತವನು ಮೂರ್ನಾಲ್ಕು ವರ್ಷಗಳ ನಂತರ ರಾಯಭಾರಕ್ಕೂ ಹೋದ, ಕಪ್ಪೆಗಳ ಕಥೆಯನ್ನೂ ಹೇಳಿದ!

ಇತಿಹಾಸದ ಮೇಷ್ಟ್ರು

ಇಸವಿಗಳ ವಿಷಯದಲ್ಲಿ ತಮ್ಮ ಮಾತಿಗೆ ನನ್ನ ಪೂರ್ಣ ಸಹಮತಿ. "ಕ್ರಿ.ಪೂ. 6ನೆಯ ಶತಮಾನ" ಎಂದಷ್ಟೇ ಬರೆಯಬೇಕು. ಹುಟ್ಟಿದೂರೂ ಹಾಗೆಯೇ: ಥ್ರೇಸ್ ಎಂದವರಿದ್ದಾರೆ, ಲಿಡಿಯಾದ ರಾಜಧಾನಿ ಸಾರ್ಡಿಸ್ ಎಂದವರಿದ್ದಾರೆ, ಫ್ರಿಜಿಯಾ ಎಂಬುದು ರೋಮನ್ ಕಾಲದ ಬರಹಗಳಿಂದ ಗಟ್ಟಿಯಾದದ್ದು. ಈಸೋಪ ಎಂದರೆ ಇಥಿಯೋಪಿಯಾದವನು ಎಂಬ ವ್ಯುತ್ಪತ್ತಿಯನ್ನು ಹರಡಿದವನು 1300ರ ಆಸುಪಾಸಿನ ಬೈಜಾಂಟಿಯಮ್ಮಿನ ಸಂನ್ಯಾಸಿ ಪ್ಲಾನೂಡಿಸ್. ಅದು ಶಬ್ದಸಾಮ್ಯದ ಆಟ. ಗುಲಾಮನ ಹುಟ್ಟೂರಿನ ಬಗ್ಗೆ ಇಷ್ಟು ಊರುಗಳು ಹಕ್ಕು ಸಾಧಿಸುವುದು ಅವನು ಸತ್ತ ಮೇಲೆ. ಪರಿಹಾರ ಪಡೆಯಿರಿ ಎಂದು ಡೆಲ್ಫಿಯವರು ಸಾರುತ್ತಿದ್ದಾಗ ಈ ಊರುಗಳಲ್ಲಿ ಒಂದೂ ಬಾಯಿ ತೆರೆಯಲಿಲ್ಲ.

ಹಳ್ಳಿ ಗ್ರಂಥಾಲಯ

ಡೆಲ್ಫಿಯಲ್ಲಿ ನಿಜಕ್ಕೂ ಏನಾಯಿತು? ಕ್ರೀಸಸ್ ಕಳುಹಿಸಿದ್ದು ಸುಳ್ಳಾದರೆ ಸಾವೂ ಸುಳ್ಳೇ?

ಇತಿಹಾಸದ ಮೇಷ್ಟ್ರು

ಸಾವು ಡೆಲ್ಫಿಯವರ ಕೈಯಲ್ಲಿ ಆಯಿತೆಂಬುದು ಹೆರೊಡೋಟಸನ ಪರಿಹಾರದ ಮಾತಿನಲ್ಲೇ ಅಡಗಿದೆ. ಕಾರಣವನ್ನು ಅವನು ಹೇಳುವುದಿಲ್ಲ. ಕಾರಣ ಮೊದಲು ಕಾಣುವುದು ಅರಿಸ್ಟೊಫೇನೀಸನ ನಾಟಕದಲ್ಲಿ. ಕ್ರಿ.ಪೂ. 422ರಲ್ಲಿ ಆಡಿದ 'ಕಣಜಗಳು' ಪ್ರಹಸನದ ಮುದುಕ, ತನ್ನನ್ನು ಮಗ ಎತ್ತಿಕೊಂಡು ಹೋಗುತ್ತಿರುವಾಗ, ಡೆಲ್ಫಿಯವರು ಒಮ್ಮೆ ಈಸೋಪನ ಮೇಲೆ ದೇವರ ಬಟ್ಟಲು ಕದ್ದ ಆರೋಪ ಹೊರಿಸಿದ್ದರು, ಆಗ ಅವನು ಜೀರುಂಡೆಯ ಕಥೆ ಹೇಳಿದ ಎಂದು ಶುರುಮಾಡುತ್ತಾನೆ. ಕಥೆ ಮುಗಿಸಲು ಮಗ ಬಿಡುವುದಿಲ್ಲ. ಅರ್ಧಕ್ಕೇ ನಿಲ್ಲಿಸಿದರೂ ಪ್ರೇಕ್ಷಕರಿಗೆ ಅರ್ಥವಾಗುತ್ತಿತ್ತು ಎಂದರೆ ಅಥೆನ್ಸಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ.

ವಿವರ ತುಂಬಿದವನು ಪ್ಲುಟಾರ್ಕ್, ಅವನೇ ಡೆಲ್ಫಿಯಲ್ಲಿ ಪುರೋಹಿತನಾಗಿದ್ದವನು. ಅವನ ಪ್ರಕಾರ ಕ್ರೀಸಸನ ಚಿನ್ನದೊಂದಿಗೆ ಬಂದ ಈಸೋಪ ದೇವರಿಗೆ ಬಲಿ ಅರ್ಪಿಸಿ, ಡೆಲ್ಫಿಯ ಪ್ರತಿಯೊಬ್ಬನಿಗೆ ನಾಲ್ಕು ಮಿನಾದಂತೆ (ಮಿನಾ ಎಂದರೆ ಗ್ರೀಕರ ಹಣದ ಒಂದು ಅಳತೆ) ಹಂಚಬೇಕಿತ್ತು. ಜಗಳವಾಯಿತು. ಈ ಜನ ಇದಕ್ಕೆ ಯೋಗ್ಯರಲ್ಲವೆಂದು ಅವನು ಬಲಿಯನ್ನು ಮುಗಿಸಿ ಹಣವನ್ನು ಸಾರ್ಡಿಸಿಗೆ ಹಿಂದಿರುಗಿಸಿದನು. ಅವರು ದೇವಸ್ವ ಕದ್ದನೆಂದು ಆರೋಪಿಸಿ ಹೈಯಂಪಿಯಾ ಎಂಬ ಬಂಡೆಯಿಂದ ತಳ್ಳಿ ಕೊಂದರು. ಆಮೇಲೆ ಬೆಳೆ ಹೋಯಿತು, ರೋಗ ಬಂತು. ಗ್ರೀಕರ ಜಾತ್ರೆಗಳಲ್ಲೆಲ್ಲ ಪರಿಹಾರದ ಡಂಗುರ ಹೊಡೆಸಿದರು. ಮೂರನೆಯ ತಲೆಮಾರಿನಲ್ಲಿ ಸಾಮೋಸಿನಿಂದ ಒಬ್ಬ ಬಂದನು. ಅವನು ಈಸೋಪನ ನೆಂಟನಲ್ಲ, ಕೊಂಡವರ ವಂಶದವನು ಎಂದು ಪ್ಲುಟಾರ್ಕ್ ಬಿಡಿಸಿ ಹೇಳುತ್ತಾನೆ. ಅಂದಿನಿಂದ ದೇಗುಲಗಳ್ಳರ ಶಿಕ್ಷೆಯ ಜಾಗವನ್ನು ಹೈಯಂಪಿಯಾದಿಂದ ನಾಪ್ಲಿಯಾ ಎಂಬ ಬಂಡೆಗೆ ಬದಲಿಸಿದರಂತೆ. ಆ ಬಂಡೆಯನ್ನು ದಿನವೂ ನೋಡುತ್ತಿದ್ದ ಪುರೋಹಿತನೇ ತನ್ನ ಕ್ಷೇತ್ರದ ಪಾಪವನ್ನು ಒಪ್ಪಿಕೊಂಡು ಬರೆದದ್ದಾದ್ದರಿಂದ, ಕ್ರೀಸಸನನ್ನು ಬಿಟ್ಟರೂ ಉಳಿದದ್ದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಅನುವಾದಕಿ

"ಬಲಿಯಾದನು" ಎಂಬುದು ಹಾಗಾದರೆ ಉಳಿಯಲಿ. ಈಗ ನನ್ನ ನಿಜವಾದ ತಲೆನೋವು: "ಗುಲಾಮ" ಎಂಬ ಪದ. ಸಂಸ್ಕೃತದ ದಾಸ ಸರಿಯೆನಿಸುತ್ತದೆ, ಆದರೆ ಕನ್ನಡದ ಕಿವಿಗೆ ದಾಸ ಎಂದೊಡನೆ ತಂಬೂರಿ ಕೇಳಿಸುತ್ತದೆ. ಈಸೋಪದಾಸರು ಎಂದು ಯಾರಾದರೂ ನಕ್ಕಾರು. ಜೀತದಾಳು ಎಂದರೆ ಸಾಲಕ್ಕೆ ಸಿಕ್ಕಿಬಿದ್ದು ಗೌಡರ ಮನೆಯಲ್ಲಿ ದುಡಿಯುವವನ ಚಿತ್ರ ಬರುತ್ತದೆ. ಅವನಿಗೆ ಊರಿದೆ, ಕೇರಿಯಿದೆ, ಹೆಂಡತಿ ಮಕ್ಕಳಿದ್ದಾರೆ. ತೊತ್ತು ಎಂದರೆ ಹೆಣ್ಣು. ಆಳು ಎಂದರೆ ಕೂಲಿಗೂ ಸಲ್ಲುತ್ತದೆ. ಸಂತೆಯಲ್ಲಿ ಮಾರಲ್ಪಟ್ಟವನಿಗೆ ಗುಲಾಮ ಎಂಬ ಹೊರಗಿನಿಂದ ಬಂದ ಪದವೇ ಹತ್ತಿರವೆಂದು ಅದನ್ನೇ ಇಟ್ಟಿದ್ದೇನೆ.

ಹೆರೊಡೋಟಸ್ ಅವನಿಗೆ ಕೊಡುವ ಬಿರುದು "ಲೋಗೋಪೊಯೋಸ್", ಪದಶಃ ಮಾತು ಕಟ್ಟುವವನು. ಇದೇ ಪದವನ್ನು ಅವನು ಹಿಂದಿನ ಇತಿಹಾಸಕಾರ ಹೆಕಟೇಯಸನಿಗೂ ಬಳಸುತ್ತಾನೆ. ಮುಂದೆ ಅಥೆನ್ಸಿನಲ್ಲಿ ಗಾಳಿಸುದ್ದಿ ಹಬ್ಬಿಸುವವರಿಗೂ ಅದು ಸಂದಿತು. ಕನ್ನಡದ "ಕಥೆ ಕಟ್ಟುವವನು" ಎಂಬ ಮಾತಿನಲ್ಲಿ ಈ ಎರಡೂ ನೆರಳುಗಳು ತಾವಾಗಿಯೇ ಬೀಳುವುದನ್ನು ಕಂಡು, ಕಥೆಗಾರ ಎಂಬುದನ್ನು ಅಳಿಸಿ ಅದನ್ನೇ ಬರೆದೆ.

ಸಂಶಯವಾದಿ

ಕಟ್ಟುವವನು ಎಂಬುದಕ್ಕೆ ನನ್ನ ಒಪ್ಪಿಗೆ ಇದೆ. ಒಂದು ವಿಷಯ ಸೇರಿಸುತ್ತೇನೆ. ಗುಲಾಮರು ಬಾಯಿಬಿಟ್ಟು ಹೇಳಲಾಗದ್ದನ್ನು ಮರೆಮಾಚಿ ಹೇಳಲು ಈ ಕಥೆಗಳು ಹುಟ್ಟಿದವು ಎಂಬ ಮಾತನ್ನು ಎಲ್ಲರೂ ಈಸೋಪನ ಬಗ್ಗೆ ಹೇಳುತ್ತಾರೆ. ಅದನ್ನು ಹೇಳಿದವನು ಫೀಡ್ರಸ್, ಕ್ರಿ.ಶ. 1ನೆಯ ಶತಮಾನದ ಲ್ಯಾಟಿನ್ ಕವಿ. ಹಸ್ತಪ್ರತಿಯಲ್ಲಿ ಅವನನ್ನು ಅಗಸ್ಟಸ್ ಚಕ್ರವರ್ತಿಯಿಂದ ಬಿಡುಗಡೆಯಾದವನೆಂದು ಕರೆದಿದೆ. ಅದು ಫೀಡ್ರಸನ ಸ್ವಂತ ಅನುಭವದ ಮಾತೋ ಈಸೋಪನ ಚರಿತ್ರೆಯೋ ಎಂದು ಬೇರ್ಪಡಿಸಬೇಕು. ಇದೇ ಹೊತ್ತಿಗೆ ಬಾಬ್ರಿಯಸ್ ಎಂಬ ಗ್ರೀಕ್ ಕವಿಯು, ಇಂಥ ಕಥೆಗಳನ್ನು ಮೊದಲು ಕಂಡುಕೊಂಡವರು ಪ್ರಾಚೀನ ಸಿರಿಯಾದವರು ಎನ್ನುತ್ತಾನೆ.

ಹಳ್ಳಿ ಗ್ರಂಥಾಲಯ

ನಮ್ಮ ಕಡೆಯಿಂದ ಹೋಗಿರಬಹುದಲ್ಲವೇ? ಸಿಂಹದ ಚರ್ಮ ಹೊದ್ದ ಕತ್ತೆ ಬೌದ್ಧರ ಜಾತಕ ಕಥೆಗಳಲ್ಲಿದೆ, ಹುಲಿಯ ಚರ್ಮ ಹೊದ್ದದ್ದು ಪಂಚತಂತ್ರದಲ್ಲಿದೆ. ಕನ್ನಡದಲ್ಲೇ 11ನೆಯ ಶತಮಾನದ ದುರ್ಗಸಿಂಹನ ಪಂಚತಂತ್ರವಿದೆ.

ಇತಿಹಾಸದ ಮೇಷ್ಟ್ರು

ಕತ್ತೆ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ನಡೆಯಿತೆಂಬುದು ಬೇರೆಯೇ ಚರ್ಚೆ. ಅದನ್ನು ಇಲ್ಲಿಗೆ ಎಳೆದರೆ ಈಸೋಪ ಮತ್ತೆ ಕಳೆದುಹೋಗುತ್ತಾನೆ. ದುರ್ಗಸಿಂಹನು ಚಾಲುಕ್ಯ ದೊರೆಯ ಸಂಧಿವಿಗ್ರಹಿ. ತನ್ನ ಕುಲ, ಊರು, ಒಡೆಯನ ಹೆಸರನ್ನು ತಾನೇ ಬರೆದಿಟ್ಟಿದ್ದಾನೆ. ಪ್ರಾಣಿಗಳ ಬಾಯಲ್ಲಿ ಮಾತಾಡಿಸಿದವರು ಇಬ್ಬರೂ ಹೌದು, ಆದರೆ ಒಬ್ಬನಿಗೆ ತನ್ನ ಪರಿಚಯವನ್ನು ತಾನೇ ಬರೆದುಕೊಳ್ಳುವ ಅವಕಾಶವಿತ್ತು.

ನಿವೃತ್ತ ವಕೀಲ

ಒಂದು ಕೊನೆಯ ಪ್ರಶ್ನೆ. ಮುಖಪುಟಕ್ಕೆ ಚಿತ್ರ ಯಾವುದು? ಗೂನುಬೆನ್ನನ್ನು ತೆಗೆದ ಮೇಲೆ ಕಲಾವಿದರಿಗೆ ಏನು ಹೇಳಿದಿರಿ?

ಅನುವಾದಕಿ

ಕಲಾವಿದರು ಗೂನುಬೆನ್ನನ್ನು ಬಿಡಿಸಿಯೇ ಬಿಟ್ಟಿದ್ದರು, ಕ್ಷಮೆ ಕೇಳಿ ಹಿಂದಿರುಗಿಸಿದೆ. ಬದಲಿಗೆ ವ್ಯಾಟಿಕನ್ನಿನ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಪೂ. 450ರ ಒಂದು ಪಾನಪಾತ್ರೆಯ ಚಿತ್ರವನ್ನು ಕಳುಹಿಸಿದ್ದೇನೆ. ಅದರಲ್ಲಿ ದೊಡ್ಡ ತಲೆಯ, ಬಟ್ಟೆ ಹೊದ್ದ ಮನುಷ್ಯನೊಬ್ಬ ಕೂತಿದ್ದಾನೆ, ಎದುರಿಗೆ ಒಂದು ನರಿ. ಅದು ಈಸೋಪನೆಂದು ವಿದ್ವಾಂಸರು ಊಹಿಸುತ್ತಾರೆ, ಪಾತ್ರೆಯ ಮೇಲೆ ಹೆಸರು ಬರೆದಿಲ್ಲ. ನಾನು ಬಹಳ ಹೊತ್ತು ನೋಡಿದೆ. ಮುಂಗಾಲೆತ್ತಿ ಮಾತಾಡುತ್ತಿರುವಂತೆ ಕಾಣುವುದು ನರಿ, ಅವನು ಕೇಳಿಸಿಕೊಳ್ಳುತ್ತಿದ್ದಾನೆ.